ಹಳದಿ ಬಸ್ಸಿನ ಬೆನ್ನಿಗೆ

ಡ್ರೈ ಫೋರ್ಡ್ ಹೈಸ್ಕೂಲಿನ ಮಕ್ಕಳನ್ನು ಹೊತ್ತು ತಿರುಗುವ, ಬೆನ್ನಿನಲ್ಲಿ ಒಂದು ತುರ್ತು ಬಾಗಿಲೂ ಎರಡು ಕೆಂಪು ಕಣ್ಣುಗಳೂ ಉಳ್ಳ, ಹಳದಿ ಬಣ್ಣದ ಘನವೆತ್ತ ಬಸ್ಸಿನವರ ಸನ್ನಿಧಾನಕ್ಕೆ, ಕ್ಯಾನ್ಸಸ್ ರಾಜ್ಯದ ರೋಸನ್‌ಟಾಲ್ ಊರಿನ ಗೋಧಿ ಗೋದಾಮಿನಲ್ಲಿ ತೂಕದ ಕೆಲಸ ಮಾಡಿ ನಿವೃತ್ತನಾದ ಏಮಿಲ್ ಡ್ರೈಲಿಂಗ್ ಟೋಪಿ ತೆಗೆದು ಮಾಡುವ ವಂದನೆಗಳು.

ಮಾನ್ಯರೇ,

ತಮ್ಮ ಇಂಜಿನ್ನು ಈ ನವೆಂಬರಿನ ಚಳಿಗೆ ಕೆಮ್ಮದೆ, ಟೈರುಗಳು ಗಾಳಿ ಬಿಡದೆ, ಸೀಟುಗಳ ಅಡಿಗೆ ಹುಡುಗರು ಅಂಟಿಸುವ ಚೂಯಿಂಗ್ ಗಮ್ಮು ಇನ್ನಷ್ಟು ಹೆಚ್ಚದೆ, ತಾವು ಸರ್ವಾಂಗ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇತ್ತ ನಾನು ಕ್ಷೇಮ, ನನ್ನ ಪಿಕಪ್ ಗಾಡಿ ಕ್ಷೇಮ, ತೀರಿಹೋದ ನನ್ನ ಹೆಂಡತಿಯ ತಂಗಿ ಬರ್ನಡೀನಳ ನಾಲಗೆಯಂತೂ ಹಿಂದೆಂದಿಗಿಂತ ಕ್ಷೇಮ. ಕ್ಷೇಮವಿಲ್ಲದಿರುವುದು ನನ್ನ ಮರ್ಯಾದೆ ಒಂದೇ, ಮತ್ತು ಅದು ಕಳೆದುಹೋದದ್ದು ತಮ್ಮ ಬೆನ್ನ ಹಿಂದೆಯೇ ಆದ್ದರಿಂದ ತಮಗೇ ಬರೆಯುವುದು ನ್ಯಾಯವೆಂದು ತೋರಿತು. ತಮಗೆ ಸ್ವಂತ ಅಂಚೆ ಪೆಟ್ಟಿಗೆ ಇಲ್ಲವೆಂದು ತಿಳಿದು ನಮ್ಮ ವಾರಪತ್ರಿಕೆಯ ಮೂಲಕ ಕಳಿಸುತ್ತಿದ್ದೇನೆ.

ಐವತ್ತು ವರ್ಷಗಳ ಹಿಂದೆ ಎರಡು ವರ್ಷ ಕಾಲೇಜಿಗೆ ಮಣ್ಣು ಹೊತ್ತವನು ನಾನು. ಅಲ್ಲಿ ಮಿಸ್ ಪೆಟ್ಟಿಬೋನ್ ಎಂಬ ಮಹಾತಾಯಿ ನಮಗೆ ಇಂಗ್ಲಿಷ್ ಪ್ರಬಂಧ ಕಲಿಸುತ್ತಿದ್ದರು. ದೂರಿನ ಪತ್ರವೆಂದರೆ ನಾಲ್ಕು ಕಾಲಿನ ಕುರ್ಚಿ ಎಂದು ಅವರು ಹೇಳುತ್ತಿದ್ದುದು ಚೆನ್ನಾಗಿ ನೆನಪಿದೆ: ಮೊದಲು ಹೊಗಳಿಕೆ, ಆಮೇಲೆ ನಡೆದ ಸಂಗತಿ, ಆಮೇಲೆ ಬೇಡಿಕೆ. ನಾಲ್ಕನೆಯ ಕಾಲು ಯಾವುದೆಂಬುದು ಮಾತ್ರ ಮರೆತಿದೆ. ಅವರು ಅದನ್ನು ಹೇಳುವಾಗ ನಾನು ಪ್ರಾಯಶಃ ಕಿಟಕಿಯಿಂದಾಚೆ ಫುಟ್ಬಾಲ್ ಅಭ್ಯಾಸ ನೋಡುತ್ತಿದ್ದಿರಬೇಕು. ಬರೆಯುತ್ತ ಹೋದಂತೆ ನೆನಪಾದೀತೆಂಬ ಧೈರ್ಯದಿಂದ ಮೂರು ಕಾಲಿನ ಮೇಲೆಯೇ ಕೂರುತ್ತಿದ್ದೇನೆ.

ಮೊದಲು ಹೊಗಳಿಕೆ. ತಮ್ಮ ಬೆನ್ನಿನಂಥ ಬೆನ್ನನ್ನು ಈ ಜನ್ಮದಲ್ಲಿ ಕಂಡಿಲ್ಲ ಎಂದು ಬರೆಯಬೇಕೆಂದಿದ್ದೆ, ಆದರೆ ಕಷ್ಟವಿರುವುದು ಅಲ್ಲಿಯೇ. ತಮ್ಮ ಬೆನ್ನಿನಂಥ ಬೆನ್ನನ್ನು ನಾನು ನಮ್ಮೂರ ಬೀದಿಯಲ್ಲೇ ದಿನವೂ ಕಾಣುತ್ತೇನೆ. ಅದೇ ಹಳದಿ, ಅದೇ ತುರ್ತು ಬಾಗಿಲು, ರೈಲುಹಳಿ ಬಂದಲ್ಲಿ ನಿಲ್ಲುತ್ತೇನೆಂಬ ಅದೇ ವಿನಯದ ಬರಹ. ಮುಖ ನೋಡಿ ಮಣೆ ಹಾಕಬೇಕು ಎನ್ನುತ್ತಾರೆ. ಬೆನ್ನು ನೋಡಿ ಮಣೆ ಹಾಕಿದವನ ಗತಿ ಏನೆಂಬುದನ್ನು ಹಿರಿಯರು ಹೇಳಿಲ್ಲ. ಅದನ್ನು ಹೇಳುವ ಭಾಗ್ಯ ನನಗೆ ಉಳಿದಿದೆ.

ಇನ್ನು ಸಂಗತಿ. ಮಾನ್ಯರೇ, ನಮ್ಮ ಹುಡುಗರು ಹೆಗಲಿಗೆ ದಿಂಬು ಕಟ್ಟಿಕೊಂಡು, ತಲೆಗೆ ಕೆಂಪು ಶಿರಸ್ತ್ರಾಣ ಹಾಕಿಕೊಂಡು, ಕೋಳಿಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬರ ಮೇಲೊಬ್ಬರು ಬೀಳುವವರು. ತಂಡದ ಹೆಸರು ಕಾರ್ಡಿನಲ್ಸ್, ಕೆಂಪು ಹಕ್ಕಿಯ ಹೆಸರು. ಅವರು ಪರವೂರಿಗೆ ಆಡಲು ಹೋದಾಗಲೆಲ್ಲ ಪಂದ್ಯ ಮುಗಿದ ಮೇಲೆ ಮೈದಾನದ ಹೊರಗೆ ನನ್ನ ಪಿಕಪ್ಪಿನ ಹಿಂಬದಿಯಲ್ಲಿ ನನ್ನ ಹೆಂಡತಿ ಟಿಲ್ಲಿ ಒಂದು ಕೆಂಪು ಪೆಟ್ಟಿಗೆ ತೆರೆದು ನಿಲ್ಲುತ್ತಿದ್ದಳು. ಅದರಲ್ಲಿ ಹಳೆಯ ಕೌದಿ ಸುತ್ತಿ ಬಿಸಿಯಾಗಿಟ್ಟ ಬಿರಾಕ್‌ಗಳು. ದನದ ಮಾಂಸ, ಎಲೆಕೋಸು, ಈರುಳ್ಳಿಯ ಹೂರಣವನ್ನು ಹಿಟ್ಟಿನೊಳಗೆ ತುಂಬಿ, ಬಾಯಿ ಹಿಸುಕಿ, ಒಲೆಯಲ್ಲಿ ಕೆಂಪಗೆ ಬೇಯಿಸಿದ ಕಡುಬು ಅದು. ನಮ್ಮ ಅಜ್ಜಂದಿರು ವೋಲ್ಗಾ ನದಿಯ ದಡದಿಂದ ಇಲ್ಲಿಗೆ ಬರುವಾಗ ಮುರಿಯದೆ ತಂದ ಒಂದೇ ವಸ್ತು. ಟಿಲ್ಲಿಯ ಲೆಕ್ಕ ಸರಳ: ಗೆದ್ದರೆ ತಲೆಗೆ ಎರಡು, ಸೋತರೆ ಮೂರು. ಗೆದ್ದವರ ಹೊಟ್ಟೆ ಅರ್ಧ ತುಂಬಿಯೇ ಇರುತ್ತದೆ ಎನ್ನುತ್ತಿದ್ದಳು. ಹಿಮ ಬಿದ್ದ ವರ್ಷವೂ, ಅವಳ ಮಂಡಿ ಕೊಯ್ದ ವರ್ಷವೂ ಆ ಪೆಟ್ಟಿಗೆ ತಪ್ಪಿದ್ದಿಲ್ಲ.

ಮಾರ್ಚ್ ತಿಂಗಳಲ್ಲಿ ಟಿಲ್ಲಿ ತೀರಿಹೋದಳು.

ಈ ಶರತ್ಕಾಲದಲ್ಲಿ ನಮ್ಮ ತಂಡ ಪ್ಲೇಆಫ್‌ಗೆ, ಎಂದರೆ ಸೋತವರು ಹೆಲ್ಮೆಟ್ಟು ಒಪ್ಪಿಸಿ ಮನೆಗೆ ಹೋಗಬೇಕಾದ ಹಂತಕ್ಕೆ ಬಂದಾಗ, ತಂಡದ ಬೆನ್ನಿಗೆ ನಿಲ್ಲುವ ಊರಿನ ಬೂಸ್ಟರ್ ಸಮಿತಿ ಸಭೆ ಸೇರಿತು. ಅಧ್ಯಕ್ಷ ಡ್ಯಾರೆಲ್ ವಾಸಿಂಗರ್, ವಿಮೆ ಮಾರುವ ಸಜ್ಜನ, ಇನ್ನು ಮುಂದೆ ಹುಡುಗರಿಗೆ ಪೀಟ್ಸಾ ತರಿಸೋಣವೆಂದ. ನಾನು ಎದ್ದುನಿಂತು ಪೆಟ್ಟಿಗೆಯನ್ನು ನಾನೇ ತರುತ್ತೇನೆಂದೆ. ಸಭೆ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಹಸು ತಾನೇ ಟ್ರ್ಯಾಕ್ಟರು ಓಡಿಸುತ್ತೇನೆಂದು ಹೇಳಿದಂತಿತ್ತು. (ಇದು ಮೆಟಫರೋ ಸಿಮಿಲಿಯೋ, ಮಿಸ್ ಪೆಟ್ಟಿಬೋನ್ ಕ್ಷಮಿಸಬೇಕು.) ಕಡೆಗೆ ಡ್ಯಾರೆಲ್ ನನ್ನ ಬೆನ್ನು ತಟ್ಟಿ, ಎಲ್ಕ್ ಸ್ಪ್ರಿಂಗ್ಸ್‌ನ ಪಂದ್ಯಕ್ಕೆ ಒಂದು ಸಲ ನೋಡೋಣ, ಪೆಟ್ಟಿಗೆ ಬಂದರೆ ಸರಿ, ಬರದಿದ್ದರೆ ಮುಂದಿನ ವಾರದಿಂದ ಪೀಟ್ಸಾ ಎಂದು ತೀರ್ಪಿತ್ತ. ಅಂದರೆ ಟಿಲ್ಲಿ ಇಷ್ಟು ವರ್ಷ ಹೊತ್ತ ಪೆಟ್ಟಿಗೆ ನನ್ನ ಒಂದು ಶುಕ್ರವಾರದ ಮೇಲೆ ನಿಂತಿತು. ಗೋದಾಮಿನಲ್ಲಿ ಜೀವಮಾನವಿಡೀ ಪರರ ಗೋಧಿ ತೂಗಿದವನಿಗೆ ಇಷ್ಟು ಭಾರ ಯಾವತ್ತೂ ತಕ್ಕಡಿಯ ಮುಳ್ಳಿನ ಮೇಲೆ ಬಂದಿರಲಿಲ್ಲ.

ಹಿಟ್ಟು ಬರ್ನಡೀನಳದು, ಹೂರಣ ನನ್ನದು. ನನ್ನ ಕೈಯ ಬಿರಾಕ್‌ಗಳು ಒಲೆಯಲ್ಲಿ ಬಾಯಿಬಿಟ್ಟುಕೊಂಡವು. ಅವಳು ಅವನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ಇವು ಪಾದ್ರಿಗಳ ಪ್ರವಚನ ಕೇಳುವವರ ಹಾಗೆ ಕಾಣುತ್ತಿವೆ ಎಂದಳು.

ಈಗ ನಮ್ಮ ಕಡೆಯ ಒಂದು ಕಟ್ಟಳೆ ಹೇಳಬೇಕು. ಪರವೂರಿನ ಪಂದ್ಯಕ್ಕೆ ಹೊರಟಾಗ ತಂಡದ ಬಸ್ಸು ಮುಂದೆ, ಊರಿನ ಗಾಡಿಗಳೆಲ್ಲ ಹಿಂದೆ. ಬಸ್ಸನ್ನು ಯಾರೂ ದಾಟುವಂತಿಲ್ಲ. ದಾಟಿದವನು ಗೆಲುವನ್ನೂ ತನ್ನ ಗಾಡಿಯಲ್ಲಿ ಹಾಕಿಕೊಂಡು ಮುಂದೆ ಹೋಗಿಬಿಡುತ್ತಾನೆ. ಹಿಂದೊಮ್ಮೆ ನಮ್ಮೂರ ಹಲ್ಲಿನ ಡಾಕ್ಟರು ಅವಸರದಲ್ಲಿ ಬಸ್ಸನ್ನು ದಾಟಿಬಿಟ್ಟರು. ಅಂದು ನಾವು ಒಂದೇ ಅಂಕದಿಂದ ಸೋತೆವು, ಮುಂದಿನ ಬೇಸಗೆಯಲ್ಲಿ ಡಾಕ್ಟರು ಬೇರೆ ಊರಿಗೆ ಹೋದರು. ಹೆಂಡತಿಯ ತೌರು ಹತ್ತಿರವಾಗಲೆಂದು ಹೋದರು ಎನ್ನುವವರಿದ್ದಾರೆ. ನಮಗೆ ಗೊತ್ತು. ಟಿಲ್ಲಿ ಪಕ್ಕದಲ್ಲಿ ಕೂತಿರುವಾಗ ಇದನ್ನೇ ನನಗೆ ಮಂತ್ರದಂತೆ ಉಪದೇಶಿಸುತ್ತಿದ್ದಳು: ಬಸ್ಸನ್ನು ದಾಟಬೇಡ, ಬಸ್ಸನ್ನು ಬಿಡಬೇಡ. ಹೀಗಾಗಿ, ಮಾನ್ಯರೇ, ನಮ್ಮೂರಿನವರಿಗೆ ಬಸ್ಸಿನ ಮುಖದ ಪರಿಚಯವೇ ಇಲ್ಲ. ಶಾಲೆಯ ಹೆಸರು ಬರೆದ ಅದರ ಮಗ್ಗುಲನ್ನು ಪ್ರಯಾಣದಲ್ಲಿ ನಾವು ನೋಡುವುದೇ ಇಲ್ಲ. ಗಂಡನ ಹೆಸರು ಹೇಳದ ಹಳೆಯ ಕಾಲದ ಹೆಂಗಸರಂತೆ, ಬೆನ್ನು ನೋಡಿಯೇ ಗುರುತು ಹಿಡಿದು ನಡೆಯುವವರು ನಾವು.

ಆ ಶುಕ್ರವಾರ ಮಧ್ಯಾಹ್ನ ಊರಿನ ಬೆಂಕಿ ಆರಿಸುವ ಇಂಜಿನ್ನು ಸೈರನ್ ಹಾಕುತ್ತ ಜಿಲ್ಲೆಯ ಗಡಿಯವರೆಗೆ ನಮ್ಮನ್ನು ಬೀಳ್ಕೊಟ್ಟಿತು. ಎರಡು ಹೆದ್ದಾರಿಗಳು ಕೂಡುವ ಕಡೆ ಒಂದು ಪೆಟ್ರೋಲ್ ಬಂಕು ಇದೆ. ಅಲ್ಲಿಂದ ನಾವು ಉತ್ತರಕ್ಕೆ ತಿರುಗಬೇಕು. ಎಲ್ಲರೂ ನಿಂತರು, ನಾನೂ ನಿಂತೆ. ನನ್ನ ವಯಸ್ಸಿನ ಗಂಡಸರು ಪೆಟ್ರೋಲ್ ಬಂಕಿನಲ್ಲಿ ಯಾತಕ್ಕೆ ನಿಧಾನ ಮಾಡುತ್ತಾರೆಂಬುದನ್ನು ತಮ್ಮಂಥ ಡೀಸೆಲ್ ಕುಡಿಯುವವರಿಗೆ ವಿವರಿಸುವುದು ಕಷ್ಟ. ಹೊರಗೆ ಬಂದು, ಪೆಟ್ಟಿಗೆಯ ಕೌದಿ ಗಾಳಿಗೆ ಸರಿದಿದ್ದನ್ನು ಕಂಡು, ಅದನ್ನು ಸಿಕ್ಕಿಸಿ ತಲೆಯೆತ್ತುವ ಹೊತ್ತಿಗೆ ಪಂಪಿನ ಆಚೆ ಬದಿಯಿಂದ ತಾವು ರಸ್ತೆಗೆ ಇಳಿಯುತ್ತಿದ್ದಿರಿ. ಬೆನ್ನ ತುಂಬ ಕೆಂಪು ರಿಬ್ಬನ್ನು. ತುರ್ತು ಬಾಗಿಲಿನ ಗಾಜಿನ ಮೇಲೆ ಬೂಟಿನ ಬಿಳಿ ಪಾಲಿಶಿನಲ್ಲಿ "ಗೆದ್ದು ಬಾ ಕಾರ್ಡಿನಲ್ಸ್" ಎಂದು ಬರೆದಿತ್ತು. ತಾವೇ ಹೇಳಿ, ಇದಕ್ಕಿಂತ ಹೆಚ್ಚಿನ ಜಾತಕವನ್ನು ಯಾರು ಕೇಳುತ್ತಾರೆ? ಒಂದೇ ರಾಜ್ಯದಲ್ಲಿ ಎರಡು ಶಾಲೆಗಳು ಒಂದೇ ಹಕ್ಕಿಯ ಹೆಸರಿಟ್ಟುಕೊಂಡಿವೆ, ಅವೆರಡೂ ಒಂದೇ ದಿನ ಒಂದೇ ಬಂಕಿನಲ್ಲಿ ನೀರು ಕುಡಿಯುತ್ತವೆ ಎಂಬುದನ್ನು ತಾವಾದರೂ ಹಾರ್ನು ಮಾಡಿ ತಿಳಿಸಬಹುದಿತ್ತು.

ನಾನು ಬಿಡಲಿಲ್ಲ, ಹಿಂದೆ ಬಿದ್ದೆ. ಸ್ವಲ್ಪ ಹೊತ್ತಿಗೆ, ಟಿಲ್ಲಿಯ ಜಾಗದಲ್ಲಿ ಪಕ್ಕಕ್ಕೆ ಕೂತಿದ್ದ ಬರ್ನಡೀನ್ ಹಣೆಗೆ ಕೈ ಅಡ್ಡ ಹಿಡಿದಳು.

"ಏಮಿಲ್, ಸೂರ್ಯ ನೆಟ್ಟಗೆ ನನ್ ಕಣ್ಣಿಗೇ ಹೊಡೀತಿದಾನೆ. ನಾವು ಹೋಗ್ತಿರೋದು ಉತ್ತರಕ್ಕೆ ತಾನೆ?"

"ರಸ್ತೆ ಒಂಚೂರು ತಿರುಗುತ್ತೆ ಕಣೆ," ಎಂದೆ.

ಪಶ್ಚಿಮ ಕ್ಯಾನ್ಸಸ್‌ನಲ್ಲಿ ರಸ್ತೆ ತಿರುಗಿದ್ದನ್ನು ಇಂದಿನವರೆಗೆ ಯಾರೂ ಕಂಡಿಲ್ಲ. ನಾವು ಊಟದ ಮೇಜಿನ ಮೇಲೂ ಎಡ ಬಲ ಎನ್ನದೆ, ಉಪ್ಪಿನ ಡಬ್ಬಿ ನಿನ್ನ ಪಶ್ಚಿಮಕ್ಕಿದೆ ಎಂದು ಹೇಳುವ ಜನ. ತೊಟ್ಟಿಲಲ್ಲಿರುವ ಮಗುವಿಗೂ ದಿಕ್ಕು ಗೊತ್ತು. ಗೊತ್ತಿದ್ದೂ ನಾನು ಕಣ್ಣೆದುರಿನ ಸೂರ್ಯನನ್ನು ಬಿಟ್ಟು ಕಣ್ಣೆದುರಿನ ಬಸ್ಸನ್ನು ನಂಬಿದೆ. ರೇಡಿಯೋದಲ್ಲಿ ನಮ್ಮೂರ ಸ್ಟೇಷನ್ನು ಕರಕರ ಎಂದು ಆರಿಹೋಯಿತು. ಗಾಳಿ ಜಾಸ್ತಿ ಎಂದೆ. ಹಿಂದೆ ಮುಂದೆ ನಮ್ಮೂರಿನ ಒಂದು ಗಾಡಿಯೂ ಕಾಣಿಸುತ್ತಿಲ್ಲವೆಂದು ಅವಳು ಕತ್ತು ತಿರುಗಿಸಿ ತಿರುಗಿಸಿ ನೋಡಿದಳು. ನಮ್ಮ ಹಾಗೆ ಬಸ್ಸಿಗೆ ಅಂಟಿಕೊಂಡು ಬರಲು ಎಲ್ಲರಿಗೂ ನಿಷ್ಠೆ ಎಲ್ಲಿರುತ್ತದೆ ಎಂದೆ. ಆಗ ಅವಳು ಹೇಳಿದ್ದು, ಟಿಲ್ಲಿ ನಲವತ್ತು ವರ್ಷ ನಕ್ಷೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ಯಾಕೆಂದು ತನಗೆ ಈಗ ತಿಳಿಯಿತು ಎಂದು.

ಮಾನ್ಯರೇ, ಇಲ್ಲೊಂದು ಮಾತು ಒಪ್ಪಿಕೊಳ್ಳುತ್ತೇನೆ. ಆ ದಾರಿಯಲ್ಲಿ ತಮ್ಮ ಬೆನ್ನಿನಷ್ಟು ಸಮಾಧಾನ ಕೊಟ್ಟ ವಸ್ತು ಮಾರ್ಚ್ ತಿಂಗಳಿಂದೀಚೆಗೆ ನನಗೆ ಸಿಕ್ಕಿರಲಿಲ್ಲ. ಎಲ್ಲಿಗೆ ಹೋಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಇನ್ನೊಬ್ಬರು ತೀರ್ಮಾನಿಸುತ್ತಿರುವಾಗ ಸುಮ್ಮನೆ ಹಿಂದೆ ಹೋಗುವ ಸುಖ ಇದೆಯಲ್ಲ, ಅದಕ್ಕೆ ನಾನು ಮದುವೆಯಾದ ದಿನದಿಂದ ಒಗ್ಗಿದವನು.

ಕತ್ತಲಾಗುವ ಹೊತ್ತಿಗೆ ದೂರದಲ್ಲಿ ಮೈದಾನದ ದೀಪಗಳು ಕಂಡವು. ತಾವು ಶಾಲೆಯ ಹಿಂದಿನ ಅಂಗಳಕ್ಕೆ ತಿರುಗಿದಿರಿ, ನನ್ನನ್ನು ಒಬ್ಬ ಪೊಲೀಸಿನವನು ಎದುರು ಬದಿಗೆ ಕಳಿಸಿದ. ಬಾಗಿಲಲ್ಲಿದ್ದ ಗಡಿಯಾರ ನನ್ನ ಕೈಗಡಿಯಾರಕ್ಕಿಂತ ಒಂದು ಗಂಟೆ ಹಿಂದಿತ್ತು. ನೋಡು, ಒಂದು ಗಂಟೆ ಮೊದಲೇ ತಂದು ಮುಟ್ಟಿಸಿದ್ದೇನೆ ಎಂದು ಬರ್ನಡೀನಳಿಗೆ ಹೆಮ್ಮೆಯಿಂದ ತೋರಿಸಿದೆ. ನಮ್ಮ ರಾಜ್ಯದ ಪಶ್ಚಿಮದ ಅಂಚಿನ ನಾಲ್ಕು ಜಿಲ್ಲೆಗಳಲ್ಲಿ ಮಾತ್ರ ಗಡಿಯಾರ ಒಂದು ಗಂಟೆ ಹಿಂದೆ ನಡೆಯುತ್ತದೆಂಬುದು ಒಂದನೆಯ ತರಗತಿಯ ಪಾಠ. ಅದನ್ನೂ ನಾನು ಮರೆತೆನೆಂದು ತಾವು ಭಾವಿಸಬಾರದು. ನೆನಪಿತ್ತು, ನನಗೆ ಬೇಕಾಗಿರಲಿಲ್ಲ.

ಅತಿಥಿಗಳ ಕಡೆಯ ಅಲ್ಯುಮಿನಿಯಂ ಬೆಂಚುಗಳು ಖಾಲಿ ಹೊಡೆಯುತ್ತಿದ್ದವು, ಅಲ್ಲೊಬ್ಬರು ಇಲ್ಲೊಬ್ಬರು. ನಮ್ಮವರು ಇನ್ನೂ ಬಂದಿಲ್ಲವೆಂದು ಮೊದಲ ಸಾಲಿನಲ್ಲಿ ಕೂತೆ. ಕೆಂಪಂಗಿಯ ಹುಡುಗರು ಓಡಿಬಂದಾಗ ಟಿಲ್ಲಿ ಪಂದ್ಯಗಳಿಗೆ ತರುತ್ತಿದ್ದ ಹಸುಗಂಟೆಯನ್ನು ಎತ್ತಿ, ಅವಳು ಬಾರಿಸುತ್ತಿದ್ದ ಹಾಗೆಯೇ ಬಾರಿಸಿದೆ. ಹುಡುಗರು ತಿರುಗಿ ನೋಡಿದರು. ಅವರಿಗೆ ಗಂಟೆ ಬಾರಿಸುವವರ ಅಭ್ಯಾಸವಿಲ್ಲವೆಂದು ಆಮೇಲೆ ತಿಳಿಯಿತು.

ಆಟ ಶುರುವಾಯಿತು. ಮೊದಲ ಸರದಿಯಲ್ಲೇ ನಮ್ಮ ಹುಡುಗ ಚೆಂಡನ್ನು ಎತ್ತಿ ದೂರಕ್ಕೆ ಎಸೆದ. ರೋಸನ್‌ಟಾಲ್‌ನವರು ಚೆಂಡು ಎಸೆಯುವುದಿಲ್ಲ. ನಮ್ಮಪ್ಪನ ಕಾಲದಿಂದ ನಮ್ಮದು ಒಂದೇ ಉಪಾಯ: ಚೆಂಡನ್ನು ಅತ್ಯಂತ ದಪ್ಪಗಿನ ಹುಡುಗನ ಕೈಯಲ್ಲಿಟ್ಟು, ಎಲ್ಲರೂ ತಲೆ ತಗ್ಗಿಸಿ ಎಡಕ್ಕೆ ನುಗ್ಗುವುದು. ಅದು ವಿಫಲವಾದರೆ ಬಲಕ್ಕೆ. ಎರಡನೆಯ ಸರದಿಯಲ್ಲೂ ಎಸೆದ. ಪಕ್ಕದಲ್ಲಿ ಕೌಬಾಯ್ ಟೋಪಿ ಹಾಕಿದ ಒಬ್ಬ ಹಿರಿಯರು ಕೂತಿದ್ದರು. ಅವರ ಕಡೆ ವಾಲಿ ಹೇಳಿದೆ: "ಈ ಕೋಚ್‌ಗೆ ತಲೆ ಕೆಟ್ಟಿದೆ ಕಣ್ರೀ. ಇವನನ್ನ ಇವತ್ತೇ ಮನೆಗೆ ಕಳಿಸ್ಬೇಕು."

ಅವರು ಟೋಪಿ ಸ್ವಲ್ಪ ಹಿಂದಕ್ಕೆ ತಳ್ಳಿದರು. "ಮನೆಗೇ ಬರ್ತಾನೆ. ಭಾನುವಾರ ನಮ್ಮನೇಲೇ ಊಟ. ನನ್ನ ಮಗ ಅವನು."

ನಮ್ಮ ಕೋಚಿನ ತಂದೆಯನ್ನು ನಾನೇ ಹೆಗಲು ಕೊಟ್ಟು ಸಮಾಧಿ ಮಾಡಿದ್ದೆ. ಆಗ, ಮಾನ್ಯರೇ, ಸೂರ್ಯ, ರೇಡಿಯೋ, ಗಡಿಯಾರ ಎಲ್ಲವೂ ಒಟ್ಟಿಗೆ ಬಂದು ನನ್ನ ತಲೆಯ ಮೇಲೆ ಕೂತವು. ಹಿರಿಯರ ಹೆಸರು ರೊಸೆಂಡೊ ಓಲ್ಗಿನ್. ಡ್ರೈ ಫೋರ್ಡ್‌ನ ಹಾಲಿನ ಡೇರಿಯಲ್ಲಿ ಹಸುಗಳ ಕಾಲು ನೋಡಿಕೊಳ್ಳುತ್ತಿದ್ದು ಈಗ ನಿವೃತ್ತರು. ನಾವು ಕೂತಿದ್ದ ಊರು ಓಸ್ಟ್ರಾಂಡರ್. ನಾವು ಇರಬೇಕಾಗಿದ್ದ ಎಲ್ಕ್ ಸ್ಪ್ರಿಂಗ್ಸ್‌ಗೆ ಅಲ್ಲಿಂದ ಮೂರು ಗಂಟೆಯ ದಾರಿ. ಬರ್ನಡೀನ್ ಫೋನ್ ತೆಗೆದು ಡ್ಯಾರೆಲ್‌ಗೆ ಹಚ್ಚಿದಳು. ನಮ್ಮ ಪಂದ್ಯ ಒಂದು ಗಂಟೆ ಮೊದಲೇ ಶುರುವಾಗಿ ಅರ್ಧ ದಾಟಿತ್ತು, ನಾವು ಮುಂದಿದ್ದೆವು, ದಪ್ಪಗಿನ ಹುಡುಗ ಎಡಕ್ಕೆ ನುಗ್ಗುತ್ತಲೇ ಇದ್ದ. ಪೆಟ್ಟಿಗೆ ಎಲ್ಲಿ ಎಂದು ಡ್ಯಾರೆಲ್ ಕೇಳಿದ. ಪೆಟ್ಟಿಗೆ ಚೆನ್ನಾಗಿದೆ, ಭೂಗೋಳ ಚೆನ್ನಾಗಿಲ್ಲ ಎಂದು ಅವಳು ಫೋನ್ ಇಟ್ಟಳು.

ನಾನು ಆ ಆಟದ ಉಳಿದ ಭಾಗವನ್ನು ನೋಡಿದೆನೆಂದು ಹೇಳಲಾರೆ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಮ್ಮ ಹುಡುಗರು ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದು ಅಂಗಳದಲ್ಲಿ ಕೆಂಪು ಪೆಟ್ಟಿಗೆ ಹುಡುಕುವ ಚಿತ್ರವೊಂದೇ ಕಣ್ಣ ಮುಂದಿತ್ತು. ಟಿಲ್ಲಿ ಸತ್ತದ್ದು ಮಾರ್ಚ್‌ನಲ್ಲಿ. ಅವಳ ಪೆಟ್ಟಿಗೆಯನ್ನು ಕೊಂದದ್ದು ನವೆಂಬರ್‌ನಲ್ಲಿ, ನಾನು.

ಡ್ರೈ ಫೋರ್ಡ್ ಗೆದ್ದಿತು. ಗೆದ್ದ ಮಕ್ಕಳು, ಮಾನ್ಯರೇ, ತಮ್ಮ ಬಾಗಿಲ ಮೆಟ್ಟಿಲ ಬಳಿ ಸಾಲುಗಟ್ಟಿ ನಿಂತು ಕಡಲೆಕಾಯಿ ಬೆಣ್ಣೆ ಸವರಿದ ತಣ್ಣನೆಯ ಬ್ರೆಡ್ಡನ್ನು ಕೈಗೆ ತೆಗೆದುಕೊಳ್ಳುತ್ತಿದ್ದರು. ಅವರ ಮನೆಯವರೆಲ್ಲ ಸಂಜೆಯ ಪಾಳಿಯಲ್ಲಿ ಹಾಲು ಕರೆಯುತ್ತಾರೆ, ಹಸುಗಳಿಗೆ ಪ್ಲೇಆಫ್ ತಿಳಿಯುವುದಿಲ್ಲ ಎಂದು ರೊಸೆಂಡೊ ಹೇಳಿದರು. ನಾನು ಪಿಕಪ್ಪಿನ ಪಕ್ಕದಲ್ಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ. ಬರ್ನಡೀನಳ ಮುಖ ನೋಡಿ, ಇಂಥ ಹೊತ್ತಿನಲ್ಲಿ ಟಿಲ್ಲಿ ಏನು ಮಾಡುತ್ತಿದ್ದಳು ಎಂದು ಕೇಳಿದೆ.

"ಟಿಲ್ಲಿ ಇದ್ದಿದ್ರೆ ನಾವು ಇಲ್ಲಿರ್ತಿರ್ಲಿಲ್ಲ," ಎಂದಳು. ಆಮೇಲೆ ತನ್ನ ಕೈಗವಸು ಬಿಚ್ಚಿ ಜೇಬಿಗೆ ತುರುಕಿದಳು. "ಆರೋಗೋ ಮುಂಚೆ ಮುಚ್ಚಳ ತೆಗಿ."

ಗೆದ್ದವರಿಗೆ ಎರಡು ಎಂಬ ನಿಯಮವನ್ನು ನಾನು ಘೋಷಿಸಿದೆ. ಸೋತವರಿಗೆ ಮೂರು ಎಂಬುದನ್ನೂ, ಅದರ ಹಿಂದಿನ ಟಿಲ್ಲಿಯ ಶಾಸ್ತ್ರವನ್ನೂ ರೊಸೆಂಡೊಗೆ ಉದ್ದಕ್ಕೆ ವಿವರಿಸಿದೆ. ಅವರು ಟೋಪಿ ಕೈಯಲ್ಲಿ ಹಿಡಿದು ಕೇಳಿಸಿಕೊಂಡರು. ಹುಡುಗರು ನಿಯಮವನ್ನು ಗೌರವಿಸಿ, ಎರಡು ತಿಂದು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ಬಾಯಿಬಿಟ್ಟ ಬಿರಾಕ್‌ಗಳೂ ಹೋದವು. ಇದಕ್ಕೊಂದು ಚೂರು ಖಾರ ಬಿದ್ದಿದ್ದರೆ ಎಂದು ಯಾರೋ ಗೊಣಗಿದ್ದಕ್ಕೆ ರೊಸೆಂಡೊ ಒಳಜೇಬಿನಿಂದ ಖಾರದ ಬಾಟಲಿಯೊಂದನ್ನು, ಬೇರೆಯವರು ಕನ್ನಡಕ ತೆಗೆಯುವಷ್ಟು ಸಹಜವಾಗಿ ತೆಗೆದರು. ಪೆಟ್ಟಿಗೆ ಬರಿದಾದಾಗ ನಾನು ಅದನ್ನು ಎತ್ತಿಕೊಳ್ಳಲು ಹೋದೆ. ಅವರು ಬಿಡಲಿಲ್ಲ. ಪರರ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ತಮ್ಮ ಮನೆಯಲ್ಲಿಲ್ಲ, ಹೆಂಡತಿಗೆ ಗೊತ್ತಾದರೆ ತಮಗೆ ಮನೆಯೇ ಇರುವುದಿಲ್ಲ ಎಂದು ಅದನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಇರಿಸಿದರು. ಹೀಗೆ, ಮಾನ್ಯರೇ, ನಾನು ತಮ್ಮ ಹಿಂದೆ ಬಂದೆ, ನನ್ನ ಪೆಟ್ಟಿಗೆ ತಮ್ಮೊಳಗೆ ಹೋಯಿತು.

ಊರಿಗೆ ಬಂದ ಮೇಲಿನ ನನ್ನ ಕೀರ್ತಿಯ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮವರೂ ಗೆದ್ದಿದ್ದರು, ಗೆದ್ದು, ಪೆಟ್ರೋಲ್ ಬಂಕಿನ ಬಿಸಿ ಸರಳುಗಳ ಮೇಲೆ ಬೆಳಗಿನಿಂದ ಉರುಳುತ್ತಿದ್ದ ಸಾಸೇಜುಗಳನ್ನು ತಿಂದು ಮನೆಗೆ ಬಂದಿದ್ದರು. ಸೋಮವಾರ ಬೆಳಿಗ್ಗೆ ಗೋದಾಮಿನ ಕಾಫಿ ಮೇಜಿಗೆ ಹೋದರೆ, ಗೋಡೆಗೆ ಒಂದು ಬಾಣದ ಗುರುತು ಬರೆದು ಕೆಳಗೆ "ಉತ್ತರ" ಎಂದು ಬರೆದಿದ್ದರು. "ಏಮಿಲಣ್ಣ, ಸಕ್ಕರೆ ನಿನ್ನ ಪೂರ್ವಕ್ಕಿದೆ, ಬೇಕಿದ್ರೆ ಯಾವ್ದಾದ್ರೂ ಬಸ್ ಹಿಂದೆ ಹೋಗು" ಎಂದು ಒಬ್ಬ. ಪಾದ್ರಿಗಳು ಕೂಡ ಹಿಂದಿನ ದಿನ, ಭಾನುವಾರವೇ, ದಾರಿ ತಪ್ಪಿದ ಕುರಿಯ ಪ್ರವಚನ ಕೊಟ್ಟು ಮೂರನೆಯ ಸಾಲಿನ ಕಡೆ ನೋಡಿದರು. ಮೂರನೆಯ ಸಾಲಿನಲ್ಲಿ ಕೂರುವವನು ನಾನೊಬ್ಬನೇ. ಸೋಮವಾರ ಸಂಜೆಯೇ ಸಮಿತಿ ಸೇರಿತು. ಡ್ಯಾರೆಲ್ ಬಹಳ ಮೃದುವಾಗಿ, ನೀನು ನಿನ್ನ ಕೈಲಾದದ್ದು ಮಾಡಿದೆ ಎಂದ. ಇದಕ್ಕಿಂತ ಬೈದಿದ್ದರೆ ವಾಸಿ. ಪೀಟ್ಸಾ ಎಂದು ತೀರ್ಮಾನವಾಯಿತು. ಎಲ್ಲರೂ ಕೈಯೆತ್ತಿದರು. ಬರ್ನಡೀನ್ ಎತ್ತಲಿಲ್ಲ, ಭುಜ ನೋವು ಎಂದಳು.

ಅದೇ ಸಭೆಯಲ್ಲಿ ಮುಂದಿನ ಸುತ್ತಿನ ಪಟ್ಟಿ ಓದಿದರು. ಮುಂದಿನ ಶುಕ್ರವಾರ, ನಮ್ಮ ಮೈದಾನದಲ್ಲಿ, ರೋಸನ್‌ಟಾಲ್ ಕಾರ್ಡಿನಲ್ಸ್ ಎದುರು ಡ್ರೈ ಫೋರ್ಡ್ ಕಾರ್ಡಿನಲ್ಸ್. ಸಭೆಯಲ್ಲಿದ್ದ ಎಲ್ಲರೂ, ಶತ್ರುವಿಗೆ ಬಿರಾಕ್ ತಿನ್ನಿಸಿ ಸಾಕಿದವನು ಯಾರೆಂದು ತಿರುಗಿ ನೋಡಿದರು.

ತಾವು ಬಂದಿರಿ. ತಮ್ಮ ಮಗ್ಗುಲನ್ನು ನಾನು ಬೆಳಕಿನಲ್ಲಿ ಮೊದಲ ಸಲ ಅಂದು ನೋಡಿದೆ, ಅಲ್ಲಿ ಎಂಥ ದೊಡ್ಡ ಅಕ್ಷರಗಳಲ್ಲಿ ಡ್ರೈ ಫೋರ್ಡ್ ಎಂದು ಬರೆದಿದೆಯೆಂದರೆ, ಕುರುಡನೂ ತಡವಿ ಓದಬಹುದು. ನಮ್ಮ ದಪ್ಪಗಿನ ಹುಡುಗ ಎಡಕ್ಕೆ ನುಗ್ಗಿದ, ಬಲಕ್ಕೆ ನುಗ್ಗಿದ. ತಮ್ಮ ಹುಡುಗರು ಅವನ ತಲೆಯ ಮೇಲಿಂದ ಚೆಂಡು ಎಸೆದು ಎಸೆದು ನಮ್ಮನ್ನು ಸೋಲಿಸಿದರು. ಒಬ್ಬೊಬ್ಬ ಹುಡುಗ ಓಡಿದಾಗಲೂ, ಅದು ನಿನ್ನ ಎಲೆಕೋಸಿನ ಶಕ್ತಿ ಎಂದು ಹಿಂದಿನ ಸಾಲಿನಿಂದ ನನಗೆ ಹೇಳಲಾಗುತ್ತಿತ್ತು.

ನಮ್ಮ ಹುಡುಗರು ಹೊರಗೆ ಬಂದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಅದು ಶಾಲೆಯ ಕೊನೆಯ ಆಟ. ಹೆಲ್ಮೆಟ್ಟನ್ನು ಒಪ್ಪಿಸಲು ಮನಸ್ಸಿಲ್ಲದೆ ಮಗುವಿನಂತೆ ತಬ್ಬಿಕೊಂಡಿದ್ದರು. ಡ್ಯಾರೆಲ್‌ನ ಪೀಟ್ಸಾ ಬಂದಿರಲಿಲ್ಲ. ತಂದುಕೊಡುವವನು ಗಾಡಿಗಳ ಸಾಲಿನಲ್ಲಿ ಎಲ್ಲೋ ಸಿಕ್ಕಿಬಿದ್ದಿದ್ದ. ಆಗ ತಮ್ಮ ಬೆನ್ನಿನ ತುರ್ತು ಬಾಗಿಲು ತೆರೆಯಿತು. ಅದು ತೆರೆಯುವಂಥದ್ದೆಂದೇ ನನಗೆ ಗೊತ್ತಿರಲಿಲ್ಲ. ಒಳಗಿನಿಂದ ರೊಸೆಂಡೊ ಟಿಲ್ಲಿಯ ಕೆಂಪು ಪೆಟ್ಟಿಗೆಯನ್ನು ಅಂಚಿಗೆ ಎಳೆದು ಮುಚ್ಚಳ ತೆಗೆದರು. ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ, ತಮಾಲೆ ಎಂಬ ಕಡುಬುಗಳು ತುಂಬಿದ್ದವು. ಅವರು ನನ್ನನ್ನು ಹುಡುಕಿ, ಗುಂಪಿನ ತಲೆಗಳ ಮೇಲಿಂದ ಕೇಳಿದರು:

"ಸೋತೋರಿಗೆ ಮೂರು, ಅಲ್ವಾ?"

ಹೌದು ಮೂರು ಎಂದು ನನಗಿಂತ ಮೊದಲೇ ಬರ್ನಡೀನ್ ಹೇಳಿದಳು. ನಮ್ಮ ಹುಡುಗರಿಗೆ ಆ ಪೆಟ್ಟಿಗೆಯ ಮುಂದೆ ಹೇಗೆ ಸಾಲು ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ತಲೆಗೆ ಮೂರು. ಡ್ಯಾರೆಲ್ ಕೂಡ ಸಾಲಿನಲ್ಲಿದ್ದ, ತಾನೂ ಸೋತವರ ಕಡೆಯವನೇ ಎಂದು ಮೂರು ಇಸಿದುಕೊಂಡ. ಟಿಲ್ಲಿಯ ಪೆಟ್ಟಿಗೆ ಒಂದು ವಾರ ತಡವಾಗಿ, ಬೇರೆಯವರ ಕೈಯಿಂದ, ಬೇರೆಯವರ ಅಡುಗೆ ಹೊತ್ತು, ಆದರೂ ಬಂತು.

ಮೂರನೆಯದಾಗಿ ಬೇಡಿಕೆಗಳು. ತಾವು ದಯವಿಟ್ಟು ತಮ್ಮ ಬೆನ್ನಿನ ಮೇಲೆ ಒಂದು ಮುಖ ಬರೆಸಿಕೊಳ್ಳಬೇಕು, ಮೂಗು ಸ್ವಲ್ಪ ದೊಡ್ಡದಿರಲಿ. ತಮ್ಮ ಹಿಂದೆ ಅಪರಿಚಿತ ಮುದುಕರು ಬರುತ್ತಿದ್ದರೆ ನಿಂತು, ಯಾವೂರು, ಯಾರ ಪೈಕಿ ಎಂದು ವಿಚಾರಿಸಬೇಕು. ಸೂರ್ಯನನ್ನು ಪ್ಲೇಆಫ್ ದಿನಗಳಲ್ಲಿ ಉತ್ತರಕ್ಕೆ ಮುಳುಗಿಸಲು ಸಾಧ್ಯವೇ ಎಂದು ಸಂಬಂಧಪಟ್ಟವರಲ್ಲಿ ಕೇಳಬೇಕು. ಇವು ಯಾವುದೂ ಆಗದಿದ್ದರೆ ಒಂದೇ ಒಂದು ಕೇಳಿಕೊಳ್ಳುತ್ತೇನೆ. ಈ ಶುಕ್ರವಾರ ತಾವು ಸೆಮಿಫೈನಲ್‌ಗೆ ಹೋಗುತ್ತಿದ್ದೀರಿ; ದೂರದ ಊರು, ಸಂಜೆಯ ಪಾಳಿ, ಮತ್ತೆ ಅದೇ ತಣ್ಣನೆಯ ಬ್ರೆಡ್ಡು. ಅದೇ ಪೆಟ್ರೋಲ್ ಬಂಕಿನಲ್ಲಿ ನಾನು ಕಾಯುತ್ತಿರುತ್ತೇನೆ. ಹೂರಣ ಸಿದ್ಧವಿದೆ, ಈ ಸಲ ಖಾರ ಹಾಕಿದ್ದೇನೆ, ಬಾಯಿ ಮುಚ್ಚುವ ಕೆಲಸವನ್ನು ಬರ್ನಡೀನ್ ವಹಿಸಿಕೊಂಡಿದ್ದಾಳೆ. ತಮ್ಮನ್ನು ದಾಟುವುದಿಲ್ಲ, ಬಿಡುವುದೂ ಇಲ್ಲ. ಈ ಸಲ ನಾನು ಗೊತ್ತಿದ್ದೂ ತಮ್ಮ ಹಿಂದೆ ಬರುತ್ತಿರುವುದರಿಂದ, ದಯವಿಟ್ಟು ತಾವು ದಾರಿ ತಪ್ಪಬಾರದು.

ತಮ್ಮ ಬೆನ್ನಿನ ವಿಶ್ವಾಸಕ್ಕೆ ಎಂದೆಂದೂ ಬದ್ಧನಾದ,
ತಮ್ಮ ವಿಶ್ವಾಸಿ,
ಏಮಿಲ್ ಡ್ರೈಲಿಂಗ್
ರೋಸನ್‌ಟಾಲ್ (ತಮಗೆ ಪೂರ್ವಕ್ಕೆ)

ಮರೆತ ಮಾತು: ದೂರಿನ ಪತ್ರದ ನಾಲ್ಕನೆಯ ಕಾಲು ಈಗ ತಾನೇ ನೆನಪಾಯಿತು. ದೂರು ಯಾರಿಗೆ ಸೇರಬೇಕೋ ಅವರ ವಿಳಾಸವನ್ನು ಬರೆಯುವ ಮೊದಲೇ ಸರಿಯಾಗಿ ವಿಚಾರಿಸಿಕೊಳ್ಳಬೇಕು ಎಂದು ಮಿಸ್ ಪೆಟ್ಟಿಬೋನ್ ಮೇಜು ಕುಟ್ಟಿ ಹೇಳಿದ್ದರು. ಆದ್ದರಿಂದ ಈ ಪತ್ರದ ಇನ್ನೊಂದು ಪ್ರತಿಯನ್ನು ನನ್ನ ಸ್ವಂತ ವಿಳಾಸಕ್ಕೂ ಹಾಕಿದ್ದೇನೆ. ಇನ್ನೂ ಬಂದಿಲ್ಲ. ಅಂಚೆಯವನು ನಮ್ಮೂರಿನವನೇ, ಯಾವುದೋ ಬಸ್ಸಿನ ಹಿಂದೆ ಇರಬೇಕು.